ಅತಿವೃಷ್ಟಿ, ಅನಾವೃಷ್ಟಿ

2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಊರೂರು ಮುಳುಗಿದವು. 2023ರಲ್ಲಿ ಅದೇ ಸೀಮೆಗೆ ಬರ ಬಂದಿತು. ಇದು ದೈವಕೋಪವೇ ಎಂದು ನಮ್ಮನ್ನು ಕೇಳುವವರುಂಟು. ಅಲ್ಲ. ನೆರೆ-ಬರಗಳು ಹಿಂದೆಯೂ ಇದ್ದವು. ಅವುಗಳ ಉಗ್ರತೆಯನ್ನು ಹೆಚ್ಚಿಸುತ್ತಿರುವವನು ಮನುಷ್ಯ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಬಿಟ್ಟ ಇಂಗಾಲಾಮ್ಲವು ಧರೆಗೆ ಕಂಬಳಿಯಂತೆ ಹೊದ್ದು ಕಾವನ್ನು ಹಿಡಿದಿಟ್ಟಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಮಳೆಯಿಲ್ಲದಾಗ ಅದು ನೆಲದ ಪಸೆಯನ್ನು ಹೀರುತ್ತದೆ. ಸುರಿಸುವಾಗ ಒಮ್ಮೆಗೇ ಸುರಿಸುತ್ತದೆ. ನಮ್ಮ ಭಾರವನ್ನು ಶಿವನ ಮೇಲೆ ಹೊರಿಸುವುದು ಭಕ್ತಿಯಲ್ಲ. ಸುಡುವುದನ್ನು ಕಡಿಮೆ ಮಾಡಿರಿ. ಕೆರೆಯ ಹೂಳೆತ್ತಿರಿ; ಸುರಿದ ನೀರು ಬರಗಾಲಕ್ಕೆ ಉಳಿದೀತು. ಇದೂ ಕಾಯಕವೇ, ಇದೂ ಶಿವಪೂಜೆಯೇ.