ಲಂಡನ್ನಿನ ದರ, ಕೊಡಗಿನ ಕಣ



ಅಂತಾರಾಷ್ಟ್ರೀಯ ವ್ಯವಹಾರ ನಿರ್ವಹಣೆ ಈಗ ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲೂ ಪಠ್ಯ. ಅದನ್ನು ಕಲಿಸುವಾಗ ನಾವು ವಿದ್ಯಾರ್ಥಿಯನ್ನು ಬಹುತೇಕ ದೊಡ್ಡ ಕಂಪನಿಯ ಮ್ಯಾನೇಜರನ ಕುರ್ಚಿಯಲ್ಲೇ ಕೂರಿಸುತ್ತೇವೆ. ಯಾವ ದೇಶಕ್ಕೆ ಕಾಲಿಡಬೇಕು, ಕಾರ್ಖಾನೆ ಎಲ್ಲಿ ಹಾಕಬೇಕು ಎಂದು ಕೇಳುತ್ತೇವೆ. ಇದೇ ವಿಷಯವನ್ನು ಕೊಡಗಿನ ಐದೆಕರೆ ರೋಬಸ್ಟಾ ಕಾಫಿ ತೋಟದ ಕಣದಲ್ಲಿ ನಿಂತೂ ಓದಬೇಕು ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ದೇಶದ ಕಾಫಿಯಲ್ಲಿ ಸುಮಾರು ಶೇ 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಕೊಯ್ದ ಕಾಫಿಯನ್ನು ಎಲ್ಲರ ಬೆಳೆಯನ್ನೂ ಒಟ್ಟಾಗಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. ಹೊರಗೆ 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ದೇಶವಾರು ರಫ್ತು ಕೋಟಾ ಹಾಕಿ ದರವನ್ನು ಹಿಡಿದಿಡಲು ಯತ್ನಿಸಿತ್ತು. 1989ರ ಜುಲೈನಲ್ಲಿ ಆ ಕೋಟಾ ಪದ್ಧತಿ ಮುರಿದುಬಿತ್ತು. 1990ರ ದಶಕದ ನಡುವೆ ಪೂಲ್ ಪದ್ಧತಿಯೂ ಕಳಚಿತು. ಬೆಳೆಗಾರನಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಅದೇ ದಶಕದಲ್ಲಿ ವಿಯೆಟ್ನಾಂ ರೋಬಸ್ಟಾವನ್ನು ಅಗಾಧವಾಗಿ ಬೆಳೆಯತೊಡಗಿತು. 2001ರ ಹೊತ್ತಿಗೆ ದರ ಪಾತಾಳ ಕಂಡಿತು. ಸ್ವಾತಂತ್ರ್ಯದ ಜೊತೆಗೆ ಬಂದ ಅಪಾಯವನ್ನು ಹೊರುವುದು ಹೇಗೆಂದು ಸಣ್ಣ ಬೆಳೆಗಾರನಿಗೆ ಹೇಳಿಕೊಟ್ಟವರು ತೀರಾ ಕಡಿಮೆ. ನಮ್ಮ ನಿರ್ವಹಣಾ ವಿಭಾಗಗಳು ಆಗ ಅಲ್ಲಿರಬೇಕಿತ್ತು ಎಂದೇ ನನ್ನ ಭಾವನೆ.

ಇಂದು ರೋಬಸ್ಟಾ ದರಕ್ಕೆ ಲಂಡನ್ ಮಾರುಕಟ್ಟೆ ಆಧಾರ, ಟನ್ನಿಗೆ ಇಷ್ಟು ಡಾಲರ್ ಎಂದು. ಅರೇಬಿಕಾಕ್ಕೆ ನ್ಯೂಯಾರ್ಕ್, ಪೌಂಡಿಗೆ ಇಷ್ಟು ಸೆಂಟ್ ಎಂದು. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಇಲ್ಲಿ ದರ ಏರುತ್ತದೆ. ರೂಪಾಯಿ ಬಲಗೊಂಡರೆ ಆ ಏರಿಕೆಯಲ್ಲೊಂದು ಪಾಲು ಕರಗುತ್ತದೆ. ಐವತ್ತು ಕೆ.ಜಿ. ಒಣ ಚೆರಿ ಚೀಲದಿಂದ, ಸಿಪ್ಪೆ ಬಿಡಿಸುವ ಕ್ಯೂರಿಂಗ್ ಆದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ಲೆಕ್ಕ ಬೇರೆ.

ದರ ಕುಸಿತದಿಂದ ಕಾಪಾಡಿಕೊಳ್ಳಲು, ಮುಂದಿನ ಮಾರಾಟಕ್ಕೆ ಈಗಲೇ ದರ ಕಟ್ಟುವ ವಾಯಿದಾ ಕರಾರು ಇದೆಯಲ್ಲ ಎಂದು ಪಠ್ಯ ಹೇಳುತ್ತದೆ. ಲಂಡನ್ನಿನಲ್ಲಿ ಒಂದು ಕರಾರು ಹತ್ತು ಟನ್ನಿನದು, ನ್ಯೂಯಾರ್ಕಿನಲ್ಲಿ 37,500 ಪೌಂಡು, ಅಂದರೆ ಹದಿನೇಳು ಟನ್. ಐದೆಕರೆಯ ಇಡೀ ವರ್ಷದ ಬೆಳೆ ಸೇರಿಸಿದರೂ ಒಂದು ಕರಾರು ತುಂಬುವುದು ಕಷ್ಟ. ಜಗತ್ತಿನ ಅಪಾಯವೆಲ್ಲ ಸಣ್ಣ ಬೆಳೆಗಾರನ ಕಣಕ್ಕೆ ಬರುತ್ತದೆ, ಅದರಿಂದ ಪಾರಾಗುವ ಸಾಧನ ಮಾತ್ರ ಅವನ ಅಳತೆಗೆ ಹೊಲಿದದ್ದಲ್ಲ. ಹತ್ತಾರು ಬೆಳೆಗಾರರು ಕೂಡಿದ ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿಯಷ್ಟೇ ಆ ಅಳತೆಯನ್ನು ಮುಟ್ಟಬಲ್ಲದು. ಅಲ್ಲಿ ಕರಾರಿಗೆ ಮುಂಗಡವಾಗಿ ಇಡಬೇಕಾದ ಮಾರ್ಜಿನ್ ಹಣ ಎಲ್ಲಿಂದ ತರುವುದು, ನಷ್ಟವಾದಾಗ ಸದಸ್ಯರಿಗೆ ಹೇಗೆ ವಿವರಿಸುವುದು ಎಂಬುದು ಎಂ.ಬಿ.ಎ. ಓದಿದವರ ಬುದ್ಧಿಗೆ ಯೋಗ್ಯವಾದ ಸವಾಲು.

ಈಗ ಇನ್ನೊಂದು ಸವಾಲು ಎದುರಿದೆ. 2023ರಲ್ಲಿ ಯುರೋಪ್ ಒಕ್ಕೂಟ ಅರಣ್ಯನಾಶ ತಡೆ ನಿಯಮ ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು, ಕೃಷಿಯು ಕಾಫಿ ಬೆಳೆದ ದೇಶದ ಭೂಕಾನೂನಿಗೆ ಒಪ್ಪುವಂತಿರಬೇಕು. ಜಾರಿ ಮುಂದೂಡಲ್ಪಟ್ಟಿದೆಯಾದರೂ, ಇಟಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾದ್ದರಿಂದ ಅದನ್ನು ಕಡೆಗಣಿಸುವಂತಿಲ್ಲ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯ ಪಹಣಿಯಲ್ಲಿ ಸಾಮಾನ್ಯವಾಗಿ ಕುಟುಂಬದ ಪರವಾಗಿ ಪಟ್ಟೆದಾರನ ಹೆಸರಿರುತ್ತದೆ, ತೋಟ ಮಾಡುವವರು ಕುಟುಂಬದ ಬೇರೆ ಬೇರೆ ಮನೆಯವರು. ಆ ಪಹಣಿಯನ್ನು ಬ್ರಸೆಲ್ಸಿನ ನಿಯಮದ ಮುಂದಿಟ್ಟು ಓದಬಲ್ಲ ಪದವೀಧರ ನಮ್ಮಲ್ಲಿ ತಯಾರಾಗಬೇಕು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದರೆ, ಬರುವ ಕೊಯ್ಲಿನಲ್ಲಿ ಒಂದು ತೋಟಕ್ಕೆ ಹೋಗಿ ಅಲ್ಲಿನ ಪಹಣಿಯಿಂದಲೇ ಶುರುಮಾಡಿ.