ಹಸಿರು ಮೇವು: ಯಾವಾಗ ಹಿತ, ಯಾವಾಗ ವಿಷ?



ನಿಮ್ಮ ಅಂಗಳದಲ್ಲಿ ಒಂದೆರಡು ಆಡು ಇರಬಹುದು. ಕೆಲವರ ಹತ್ತಿರ ಮಾಡಗ್ಯಾಳ ಕುರಿಯೂ ಇರಬಹುದು. ನಮ್ಮ ಡಫಳಾಪುರದ ಕಡೆ, ಇಡೀ ಜತ್ತ ತಾಲೂಕಿನಲ್ಲಿ ಮಳೆ ಕಡಿಮೆ. ಪೀಕು ಕೈಕೊಟ್ಟ ವರ್ಷ ಆಡು ಮಾರಿಯೇ ಸಾಲಿ ಖರ್ಚು, ದವಾಖಾನಿ ಖರ್ಚು ನೀಗಬೇಕು. ಅಂಥ ಆಡು ಒಂದೇ ತಾಸಿನಲ್ಲಿ ಸತ್ತು ಬಿದ್ದರೆ? ಅದೂ ನೀವೇ ಪ್ರೀತಿಯಿಂದ ಹಾಕಿದ ಹಸಿರು ತಿಂದು?

ಹಸಿರು ಕೆಟ್ಟದ್ದಲ್ಲ ಬಿಡ್ರಿ. ಮೊದಲು ಅದರ ಗುಣ ಕೇಳ್ರಿ. ಪೇಟೆಯಲ್ಲಿ ಕೆಲವರು ಗಿನಿ ಪಿಗ್ ಎಂಬ ಸಣ್ಣ ಪ್ರಾಣಿ ಸಾಕುತ್ತಾರೆ. ಹೆಸರಿಗೆ ಹಂದಿ, ನೋಡಲು ಬಾಲವಿಲ್ಲದ ದಪ್ಪ ಇಲಿ. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು ಇದಕ್ಕೆ ಬರೀ ಕಾಳು, ರೊಟ್ಟಿ ಹಾಕಿ ನೋಡಿದರು. ವಸಡು ಕೆಟ್ಟವು, ಹಲ್ಲು ಅಲುಗಾಡಿದವು, ಕೀಲು ನೊಂದವು. ಹಸಿ ಕೋಬಿ, ನಿಂಬೆರಸ ಕೊಟ್ಟಾಗ ಗುಣವಾಯಿತು. ಕಾರಣ, ‘ಸಿ’ ಜೀವಸತ್ವವನ್ನು ಈ ಪ್ರಾಣಿಯ ಮೈ ತಾನೇ ತಯಾರಿಸಲಾರದು. ನಮ್ಮ ಮೈಯೂ ಹಾಗೇ. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ಇಟ್ಟ ನಮ್ಮ ಹಿರಿಯರು ಇದನ್ನು ಓದಿರಲಿಲ್ಲ, ಆದರ ತಿಂದು ತಿಳಿದಿದ್ದರು.

ಆಡು-ಕುರಿಯ ಮಾತು ಬೇರೆ. ‘ಸಿ’ ಜೀವಸತ್ವ ಅವುಗಳ ಮೈಯಲ್ಲೇ ತಯಾರಾಗುತ್ತದೆ. ಅವಕ್ಕೆ ಹಸಿರು ಬೇಕಾಗುವುದು ಮುಖ್ಯವಾಗಿ ‘ಎ’ ಜೀವಸತ್ವಕ್ಕೆ. ಬಹಳ ತಿಂಗಳು ಬರೀ ಒಣ ಕಣಿಕೆ ತಿಂದರೆ ಇರುಳುಗಣ್ಣು ಬರಬಹುದು.

ಈಗ ಅಪಾಯದ ಮಾತು. ನಮ್ಮದು ಜೋಳದ ನಾಡು. ಎಳೆ ಜೋಳದ ಎಲೆಯಲ್ಲಿ ಒಂದು ವಸ್ತು ಇರುತ್ತದೆ. ದನ-ಕರು ಅದನ್ನು ಅಗಿದಾಗ ಸೈನೈಡ್ ವಿಷ ಹೊರಬರುತ್ತದೆ. ಮರಾಠಿಯಲ್ಲಿ ಇದಕ್ಕೆ ‘ಕಿರಾಳ’ ಅಂತಾರ. ಮೊಳಕಾಲುದ್ದದ ಪೈರು, ಮಳೆಯಿಲ್ಲದೆ ಬಾಡಿ ನಿಂತ ಪೈರು, ಕೊಯ್ದ ಮೇಲೆ ಬುಡದಿಂದ ಮತ್ತೆ ಚಿಗುರಿದ ಕೂಳೆ, ಈ ಮೂರರಲ್ಲಿ ವಿಷ ಹೆಚ್ಚು. ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಅಕಾಲ ಮಳೆ ಬಿದ್ದು ಹಸಿರು ಚಿಗುರು ಕಂಡರೆ ಯಾರಿಗೂ ಆಸೆ ಆಗೋದೇ. ಆ ಹೊಲಕ್ಕೆ ಆಡು ಬಿಡಬ್ಯಾಡ್ರಿ. ಜೋಳ ಹೂ ಬಿಟ್ಟ ಮೇಲೆ ವಿಷ ಇಳಿಯುತ್ತದೆ. ಚೆನ್ನಾಗಿ ಒಣಗಿದ ಕಣಿಕೆಗೆ ಅಷ್ಟು ಭಯವಿಲ್ಲ. ಅರೆಬಾಡಿದ್ದನ್ನು ಮಾತ್ರ ಒಣಗಿದ್ದು ಅಂತ ತಿಳೀಬ್ಯಾಡ್ರಿ.

ವಿಷ ಏರಿದ ಆಡು ಏದುಸಿರು ಬಿಡುತ್ತದೆ, ತೂರಾಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಮೊದಮೊದಲು ವಸಡು, ಕಣ್ಣಿನ ಒಳಭಾಗ ಕೆಂಪಗೆ ಕಾಣುತ್ತವೆ. ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ದನದ ಡಾಕ್ಟರರೇ ರಕ್ತನಾಳಕ್ಕೆ ಕೊಡಬೇಕು. ಕೂಡಲೇ 1962ಕ್ಕೆ ಫೋನ್ ಮಾಡ್ರಿ. ‘ಜೋಳದ ಚಿಗುರು ತಿಂದೈತಿ’ ಅಂತ ಮೊದಲೇ ಹೇಳ್ರಿ, ಔಷಧ ತರಲು ಅನುಕೂಲ.

ಹೊಟ್ಟೆ ಉಬ್ಬರ ಬೇರೆ ರೋಗ. ಹಸಿದ ಆಡಿಗೆ ಮುಂಜಾನೆ ಎದ್ದ ಕೂಡಲೇ ಇಬ್ಬನಿ ತೋಯ್ದ ಲಸೂಣ ಘಾಸ, ಅಂದರೆ ಕುದುರೆ ಮೆಂತೆ, ಹೊಟ್ಟೆತುಂಬ ಹಾಕಿದರೆ ಒಳಗೆ ನೊರೆ ಕಟ್ಟುತ್ತದೆ. ಎಡಗಡೆ ಪಕ್ಕೆ ತಮಟೆಯಂತೆ ಉಬ್ಬುತ್ತದೆ. ಸಂತೆಯಲ್ಲಿ ಉಳಿದ ಕೋಬಿ ಎಲೆ ಒಮ್ಮೆಲೇ ರಾಶಿ ಹಾಕಿದರೂ ಹೊಟ್ಟೆ ಕೆಡುತ್ತದೆ. ಮೊದಲು ಒಣ ಮೇವು ತಿನ್ನಿಸಿ, ಆಮೇಲೆ ಹಸಿರನ್ನು ಸ್ವಲ್ಪ ಬಾಡಿಸಿ ಹಾಕ್ರಿ (ಈ ಬಾಡಿಸೋ ಮಾತು ಎಳೆ ಜೋಳಕ್ಕಲ್ಲ). ಹೊಸ ಮೇವನ್ನು ದಿನಕ್ಕಿಷ್ಟು ಅಂತ ಏರಿಸಿರಿ. ಉಬ್ಬಿದ ದೊಡ್ಡ ಆಡಿಗೆ 50ರಿಂದ 100 ಮಿಲಿ ಲೀಟರ್ ಅಡುಗೆ ಎಣ್ಣೆ ನಿಧಾನ ಕುಡಿಸಬಹುದು. ಮುಂಗಾಲು ಎತ್ತರದಲ್ಲಿ ನಿಲ್ಲಿಸಿರಿ. ತಲೆ ಬಹಳ ಮೇಲೆತ್ತಿ ಸುರಿದರೆ ಎಣ್ಣೆ ಪುಪ್ಪುಸಕ್ಕೆ ಹೋದೀತು, ಜ್ವಾಕಿ. ಉಸಿರು ಕಟ್ಟುತ್ತಿದ್ದರೆ ಎಣ್ಣೆ ನೆಚ್ಚಿ ಕೂಡಬ್ಯಾಡ್ರಿ, ಡಾಕ್ಟರರನ್ನು ಕರೀರಿ.

ಉಳ್ಳಾಗಡ್ಡಿಗೆ ದರ ಬಿದ್ದಾಗ ಕೊಳೆತ ಗಡ್ಡಿ ದನದ ಮುಂದೆ ಸುರಿಯುವುದುಂಟು. ಹೆಚ್ಚಾದರೆ ಅದು ರಕ್ತದ ಕೆಂಪುಕಣ ಒಡೆಯುತ್ತದೆ, ಉಚ್ಚೆ ಕೆಂಪಗಾಗುತ್ತದೆ. ಆಡು-ಕುರಿ ಸ್ವಲ್ಪ ತಡೆದಾವು, ಆಕಳು-ಎಮ್ಮೆ ತಡೆಯಲಾರವು. ಮದುವೆ ಮನೆಯಲ್ಲಿ ಉಳಿದ ಅನ್ನವೂ ಅಷ್ಟೇ ಕೆಟ್ಟದ್ದು. ಅದು ಹಸಿರಲ್ಲ, ಆದರೂ ಹೇಳಿದೆ, ಯಾಕಂದರ ಲಗ್ನದ ದಿನ ಬಂದಾವು.