ಕಾಗೆಯ ಗೂಡು, ಕೋಗಿಲೆಯ ಮೊಟ್ಟೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಹಕ್ಕಿಗಳ ಕಪಟವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಪಂಪನನ್ನೂ ಕುಮಾರವ್ಯಾಸನನ್ನೂ ನೆನೆಯಬೇಕಾದ ದಿನ ಕಾಗೆ ಕೋಗಿಲೆಗಳ ಪುರಾಣವೇಕೆ ಎಂದು ಕೇಳಬಹುದು. ಉತ್ತರ ಸರಳವಾಗಿದೆ. ಮುಂಬಯಿಗೆ ಬಂದು ನೆಲೆಸಿದ ನಮಗೆ ಊರಿನ ಕೆರೆ, ತೋಟ, ಗುಡ್ಡಗಳು ದೂರವಾದುವು; ಈ ಎರಡು ಹಕ್ಕಿಗಳು ಮಾತ್ರ ದೂರವಾಗಲಿಲ್ಲ. ಧಾರವಾಡದ ಮಾವಿನ ಮರದಲ್ಲಿ ಕೂಗುವ ಕೋಗಿಲೆ ಮಾಟುಂಗದ ರಸ್ತೆ ಬದಿಯ ಮರದಲ್ಲಿಯೂ ಕೂಗುತ್ತದೆ. ಕಾಗೆಯಂತೂ ನಮ್ಮ ಗ್ಯಾಲರಿಯ ಕಟಕಟೆಯ ಮೇಲೆ ದಿನವೂ ಹಾಜರು. ಇವೆರಡರ ನಡುವೆ ನಮ್ಮ ಕಿಟಕಿಯ ಹೊರಗೇ ಪ್ರತಿವರ್ಷ ನಡೆಯುವ ಒಂದು ದೊಡ್ಡ ವ್ಯವಹಾರವನ್ನು ನಾವು ಬಹುಮಂದಿ ನೋಡಿಯೇ ಇಲ್ಲ.

ಈಗ ನವೆಂಬರ್ ತಿಂಗಳು. ಕೋಗಿಲೆಯ ದನಿ ಕೇಳಿಸುವುದಿಲ್ಲ. ಅದು ಎಲ್ಲಿಗೋ ಹಾರಿಹೋಯಿತೆಂದು ಅನೇಕರು ತಿಳಿಯುತ್ತಾರೆ. ಬಹುಮಟ್ಟಿಗೆ ಅದು ಇಲ್ಲಿಯೇ, ಎಲೆಗಳ ನಡುವೆ ಹಣ್ಣು ತಿನ್ನುತ್ತ ಸುಮ್ಮನೆ ಕುಳಿತಿರುತ್ತದೆ. ಮಾರ್ಚ್ ಬಂತೆಂದರೆ ಬಾಯಿ ಬಿಡುತ್ತದೆ. ಹಾಗೆ ಕೂಗುವುದು ಗಂಡು. ಮೈಯೆಲ್ಲ ಹೊಳೆಯುವ ಕಪ್ಪು, ಕಣ್ಣು ಕೆಂಡದಂತೆ ಕೆಂಪು. ಹೆಣ್ಣಿನ ರೂಪವೇ ಬೇರೆ: ಕಂದು ಮೈಯ ಮೇಲೆ ಬಿಳಿಯ ಚುಕ್ಕೆ, ಪಟ್ಟೆ. ಅದಕ್ಕೆ ಹಾಡೆಂಬುದಿಲ್ಲ, 'ಕಿಕ್ ಕಿಕ್' ಎಂಬ ಚೀರು ಮಾತ್ರ ಉಂಟು. ನಮ್ಮ ಗಾಯಕಿಯರಿಗೆ 'ಗಾನಕೋಗಿಲೆ' ಎಂಬ ಬಿರುದನ್ನು ಹಂಚುತ್ತ ಬಂದ ಸಂಘಸಂಸ್ಥೆಗಳು ಇದನ್ನು ಗಮನಿಸಿದ ಹಾಗೆ ಕಾಣುವುದಿಲ್ಲ. ಬಿರುದೇನೋ ಮಧುರವಾಗಿದೆ, ಇರಲಿ.

ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾವು ಕೂರುವುದಿಲ್ಲ ಎಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಸಂಸ್ಕೃತದಲ್ಲಿ ಕೋಗಿಲೆಗೆ 'ಪರಭೃತ' ಎಂದು ಹೆಸರು. ಅಂದರೆ ಪರರಿಂದ ಸಾಕಲ್ಪಟ್ಟದ್ದು. ಕಾಗೆಗೆ 'ಪರಭೃತ್', ಅಂದರೆ ಪರರನ್ನು ಸಾಕುವುದು. ಒಂದು ಅಕ್ಷರದ ಕೊನೆಯಲ್ಲಿ ಅಕಾರ ಉಂಟೋ ಇಲ್ಲವೋ ಎಂಬಷ್ಟರಲ್ಲಿ ಮೋಸಗಾರನೂ ಮೋಸಹೋದವನೂ ಬೇರೆಯಾಗುತ್ತಾರೆ! ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯನ್ನು ಹಳಿಯುವಾಗ ಈ ಹಕ್ಕಿಯ ನಿದರ್ಶನವನ್ನೇ ಎತ್ತಿಕೊಳ್ಳುತ್ತಾನೆ. ಆತನು ಶಕುಂತಲೆಗೆ ಮಾಡಿದ್ದು ಅನ್ಯಾಯವೆಂದು ನಾವೆಲ್ಲ ಒಪ್ಪುತ್ತೇವೆ. ಕೋಗಿಲೆಗೂ ಸ್ವಲ್ಪ ಅನ್ಯಾಯವಾಯಿತೆಂದು ನಮಗೆ ತೋರುತ್ತದೆ. ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ವ್ಯವಹಾರ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಊರುಕಾಗೆ ಕಡ್ಡಿ, ತಂತಿಯ ತುಂಡು ಎಲ್ಲವನ್ನೂ ಸೇರಿಸಿ ಬೇಸಿಗೆಯಲ್ಲಿ ಗೂಡು ಕಟ್ಟುತ್ತದೆ. ಕೋಗಿಲೆಯ ಋತುವೂ ಅದೇ. ಕಾಗೆಗೆ ಕೋಗಿಲೆಯನ್ನು ಕಂಡರಾಗದು. ಕಂಡಲ್ಲಿ ಅಟ್ಟಿಸಿಕೊಂಡು ಹೋಗುತ್ತದೆ. ಈ ಹಗೆತನವೇ ಕೋಗಿಲೆಗೆ ಉಪಕಾರವಾಗುತ್ತದೆ. ಗಂಡು ಕೋಗಿಲೆ ಗೂಡಿನ ಹತ್ತಿರ ಕಣ್ಣಿಗೆ ಬೀಳುವಂತೆ ಕುಳಿತು ಕೂಗುತ್ತದೆ. ಕಾಗೆಗಳು ಸಿಟ್ಟಿನಿಂದ ಅದರ ಬೆನ್ನು ಹತ್ತುತ್ತವೆ. ಆ ಹೊತ್ತಿಗೆ ಎಲೆಗಳ ಮರೆಯಲ್ಲಿ, ತನ್ನ ಚುಕ್ಕೆಯ ಮೈಯನ್ನು ನೆರಳು ಬಿಸಿಲುಗಳಲ್ಲಿ ಅಡಗಿಸಿಕೊಂಡು ಕಾದಿದ್ದ ಹೆಣ್ಣು ಗೂಡಿಗೆ ನುಸುಳಿ ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದು. ಆದರೆ ಅದೇ ಹಸಿರುಛಾಯೆ, ಅದೇ ಕಂದು ಚುಕ್ಕೆ. ಒಂದೇ ಗೂಡಿನಲ್ಲಿ ಎರಡು ಮೂರು ಕೋಗಿಲೆಮೊಟ್ಟೆಗಳು ದೊರೆತದ್ದುಂಟು.

ಇನ್ನು ಕಾಲದ ಲೆಕ್ಕ. ಕಾಗೆಯ ಮೊಟ್ಟೆ ಒಡೆಯಲು 16–17 ದಿನ ಬೇಕು. ಕೋಗಿಲೆಯದಕ್ಕೆ ಸುಮಾರು 13 ದಿನ ಸಾಕು. ಮೂರು ದಿನ ಮೊದಲು ಹುಟ್ಟಿದ ಮರಿಗೆ ಗೂಡಿನಲ್ಲಿ ಎಷ್ಟು ಬಲವೆಂಬುದನ್ನು ನಾವು ಊಹಿಸಬಹುದು. ಕಾಗೆ ತಂದ ತುತ್ತು ಮೊದಲು ಅದರ ಬಾಯಿಗೆ. ತಡವಾಗಿ ಹುಟ್ಟಿದ ಕಾಗೆಮರಿಗಳಲ್ಲಿ ಬಲಹೀನವಾದುವು ಹಸಿವಿನಿಂದ ಸಾಯುವುದುಂಟು. ಕೆಲವು ಕೋಗಿಲೆಮರಿಯ ಜೊತೆಯಲ್ಲಿಯೇ ಬೆಳೆದು ಹಾರುವುದೂ ಉಂಟು. ನಮ್ಮ ಕೋಗಿಲೆಮರಿ ಸಾಮಾನ್ಯವಾಗಿ ಜೊತೆಯ ಮರಿಗಳನ್ನು ಹೊರಕ್ಕೆ ತಳ್ಳುವುದಿಲ್ಲ. ಗರಿ ಮೂಡುವಾಗ ಅದರ ಬೆನ್ನು ಕಪ್ಪಾಗಿರುವುದರಿಂದ ಕಾಗೆಗೂಡಿನಲ್ಲಿ ಎದ್ದುಕಾಣುವುದೂ ಇಲ್ಲ.

ಇದಕ್ಕಿಂತ ಕ್ರೂರವಾದ ಕಥೆ ಯೂರೋಪಿನ ಕುಕ್ಕೂ ಹಕ್ಕಿಯದು. ಅದರ ಮರಿ ಇನ್ನೂ ಕಣ್ಣು ತೆರೆಯುವ ಮೊದಲೇ, ಮೈಮೇಲೆ ಒಂದು ಪುಕ್ಕವೂ ಇಲ್ಲದ ಸ್ಥಿತಿಯಲ್ಲಿ, ಸಾಕುತಾಯಿಯ ಮೊಟ್ಟೆಗಳನ್ನು ಒಂದೊಂದಾಗಿ ಬೆನ್ನಿನ ತಗ್ಗಿನಲ್ಲಿ ಹೊತ್ತು ಗೂಡಿನ ಅಂಚಿಗೆ ಏರಿ ಹೊರಗೆ ಉರುಳಿಸುತ್ತದೆ. ಇದನ್ನು ಕಣ್ಣಾರೆ ಕಂಡು 1788ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದವನು ಎಡ್ವರ್ಡ್ ಜೆನ್ನರ್. ಹೌದು, ಮುಂದೆ 1796ರಲ್ಲಿ ಸಿಡುಬಿಗೆ ದೇವಿ ಹಾಕುವ ಉಪಾಯವನ್ನು ಪ್ರಯೋಗಿಸಿದ ವೈದ್ಯನೇ ಆತ. ಹಸುಗೂಸು ಹಕ್ಕಿ ಕೊಲೆ ಮಾಡುತ್ತದೆಂಬುದನ್ನು ಆಗ ಅನೇಕರು ನಂಬಲಿಲ್ಲ. ನಂಬಿಕೆಗೆ ಒಗ್ಗದ ಮಾತನ್ನು ಹೇಳುವುದು ಆತನ ಜಾತಕದಲ್ಲಿಯೇ ಇತ್ತೆಂದು ತೋರುತ್ತದೆ.

ಆ ಕುಕ್ಕೂ ಹಕ್ಕಿಯ ಮೊಟ್ಟೆ ಹೊರಬೀಳುವ ಮೊದಲೇ ತಾಯಿಯ ಒಡಲಲ್ಲಿ ಸುಮಾರು ಒಂದು ದಿನದ ಕಾವನ್ನು ಪಡೆದಿರುತ್ತದೆ. ಓಟದ ಪಂದ್ಯದಲ್ಲಿ ಗೆರೆಯಿಂದ ಒಂದು ಹೆಜ್ಜೆ ಮುಂದೆ ನಿಂತ ಹಾಗೆ. ಅದರ ಎದೆಯ ಮೇಲಿನ ಅಡ್ಡಪಟ್ಟೆ ಗಿಡುಗವನ್ನು ಹೋಲುವುದರಿಂದ ಚಿಕ್ಕ ಹಕ್ಕಿಗಳು ಹೆದರಿ ಹತ್ತಿರ ಬರಲು ಹಿಂಜರಿಯುತ್ತವೆ. ನಮ್ಮಲ್ಲಿಯೂ ಇದೇ ಕುಲದ ಒಂದು ಹಕ್ಕಿ ಡೇಗೆಯ ವೇಷ ಹಾಕಿ ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲದೊಡನೆ ಬರುವ ಚಾತಕವೂ ಹರಟೆಮಲ್ಲಗಳಿಗೇ ಗಂಟುಬೀಳುವುದು. ಕವಿಗಳ ಚಾತಕ ಮಳೆಹನಿಗಾಗಿ ಬಾಯ್ದೆರೆದು ನಿಂತ ಸಾಧು. ನಿಜವಾದ ಚಾತಕನ ಸಂಸಾರ ಇಂತಹುದು.

ಆದರೆ ಈ ವಂಶವೆಲ್ಲ ಹೀಗೆ ಎಂದು ತಿಳಿಯಬಾರದು. ಕೋಗಿಲೆಯ ಕುಟುಂಬದಲ್ಲಿ ಸುಮಾರು 140 ಜಾತಿಗಳುಂಟು. ಪರರ ಗೂಡಿನಲ್ಲಿ ಮೊಟ್ಟೆಯಿಡುವುವು ಸುಮಾರು 60 ಮಾತ್ರ. ನವಿಲನ್ನು ನೋಡಿ ಪುಕ್ಕ ಕೆದರಿತೆಂದು ನಾವು ಗಾದೆ ಕಟ್ಟಿ ನಗುವ ಕೆಂಬೂತ ಇದೇ ಕುಟುಂಬದ್ದು. ಅದು ತಾನೇ ಗೂಡು ಕಟ್ಟಿ, ಕಾವು ಕೂತು, ಮರಿಗಳನ್ನು ಬೆಳೆಸುವ ಮರ್ಯಾದಸ್ಥ ಹಕ್ಕಿ. ನಗೆಗೀಡಾದದ್ದು ಅದು, ಹೊಗಳಿಸಿಕೊಂಡದ್ದು ಕೋಗಿಲೆ!

ಈಗ ಮುಖ್ಯವಾದ ಪ್ರಶ್ನೆ. ಈ ಕಪಟವನ್ನು ಕಲಿಸಿದವರು ಯಾರು? ಯಾರೂ ಅಲ್ಲ. ಕೋಗಿಲೆ ಕುಳಿತು ಯೋಚಿಸಿ ಮೊಟ್ಟೆಗೆ ಬಣ್ಣ ಹಚ್ಚಲಿಲ್ಲ. ಚಾರಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಸಹಜ ಪ್ರವೃತ್ತಿಗಳನ್ನು ವಿವರಿಸುವ ಅಧ್ಯಾಯದಲ್ಲಿ ಕುಕ್ಕೂ ಹಕ್ಕಿಯ ವಿಚಾರವನ್ನೇ ಎತ್ತಿಕೊಂಡನು. ಆತನ ತರ್ಕ ಇಂತಹುದು: ಎಂದೋ ಯಾವುದೋ ಹಕ್ಕಿ ಆಕಸ್ಮಿಕವಾಗಿ ಪರರ ಗೂಡಿನಲ್ಲಿ ಮೊಟ್ಟೆಯಿಟ್ಟಿತು. ಆ ಮರಿ ಚೆನ್ನಾಗಿ ಬೆಳೆಯಿತು. ತಾಯಿಯ ಶ್ರಮವೂ ಉಳಿಯಿತು. ತಾಯಿಯ ಆ ಚಾಳಿ ಮರಿಗೂ ಬಂತು. ತಲೆಮಾರು ತಲೆಮಾರಿಗೆ ಅದು ಬಲಿಯಿತು. ಸಾಕುತಾಯಿಯ ಮೊಟ್ಟೆಗೆ ಹೋಲದ ಮೊಟ್ಟೆಗಳು ಗೂಡಿನಿಂದ ಹೊರಬಿದ್ದು ನಾಶವಾದಲ್ಲಿ, ಹೋಲಿದುವು ಉಳಿದುವು. ಉಳಿದವುಗಳ ಸಂತತಿಯನ್ನು ನಾವು ಇಂದು ನೋಡುತ್ತಿದ್ದೇವೆ. ಅಳಿದವುಗಳನ್ನು ನೋಡಲಾರೆವು, ಆದಕಾರಣವೇ ಇದೆಲ್ಲ ಯಾರೋ ಹೂಡಿದ ಸಂಚಿನಂತೆ ತೋರುವುದು. ದುಷ್ಯಂತನ ಮಾತು ಅನ್ಯಾಯವೆಂದದ್ದು ಇದಕ್ಕಾಗಿ. ಸಂಚು ಹೂಡಲು ಮನಸ್ಸು ಬೇಕು. ಇಲ್ಲಿ ಇರುವುದು ಲಕ್ಷಾಂತರ ವರ್ಷಗಳ ಜರಡಿ.

ಹಾಗಾದರೆ ಕಾಗೆ ಏಕೆ ಎಚ್ಚತ್ತುಕೊಳ್ಳಲಿಲ್ಲ? ಅದು ದಡ್ಡ ಹಕ್ಕಿಯಲ್ಲ. ನಮ್ಮ ತಟ್ಟೆಯಿಂದ ಚಪಾತಿ ಎತ್ತಿಕೊಂಡು ಹೋಗುವ ಅದರ ಚುರುಕನ್ನು ನಾವು ದಿನವೂ ಕಾಣುತ್ತೇವೆ. ಆದರೆ ಕಾಗೆಯ ಸ್ಥಾನದಲ್ಲಿ ನಿಂತು ಯೋಚಿಸೋಣ. ಸಂಶಯ ಬಂದ ಮೊಟ್ಟೆಯನ್ನೆಲ್ಲ ಹೊರಗೆಸೆಯುವ ಕಾಗೆ ಒಂದೊಂದು ಸಲ ತನ್ನದನ್ನೇ ಎಸೆದೀತು. ಕೋಗಿಲೆಮೊಟ್ಟೆ ಬಾರದ ಗೂಡುಗಳೂ ಬೇಕಾದಷ್ಟಿವೆ. ಬಂದರೂ ತನ್ನ ಮರಿಗಳೆಲ್ಲವೂ ಸಾಯುವುದಿಲ್ಲ. ಹೀಗಿರುವಾಗ ಬಾಯ್ದೆರೆದ ಮರಿಗೆ ತುತ್ತಿಡುವ ಕಾಗೆಯೇ ಹೆಚ್ಚು ಮರಿಗಳನ್ನು ಬೆಳೆಸುತ್ತದೆ, ಸಂಶಯಪಿಶಾಚಿಯಾದ ಕಾಗೆಯಲ್ಲ. ಕೋಗಿಲೆ ಬದುಕಿರುವುದು ಕಾಗೆಯ ದಡ್ಡತನದಿಂದಲ್ಲ, ಅದರ ವಾತ್ಸಲ್ಯದಿಂದ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಹೊರನಾಡಿನ ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುವ ಒಂದು ಹೋಲಿಕೆಯುಂಟು: ಕಾಗೆಯ ಗೂಡಿನಲ್ಲಿ ಬೆಳೆದರೂ ಕೋಗಿಲೆ ಕೋಗಿಲೆಯ ದನಿಯಲ್ಲಿಯೇ ಹಾಡುತ್ತದೆ, ಹಾಗೆಯೇ ನಮ್ಮ ಮಕ್ಕಳು ಎಲ್ಲಿ ಬೆಳೆದರೂ ಕನ್ನಡಿಗರೇ. ಕೇಳಲು ಹಿತವಾದ ಮಾತು, ಚಪ್ಪಾಳೆಯೂ ಬೀಳುತ್ತದೆ. ಆದರೆ ಪ್ರಾಣಿಶಾಸ್ತ್ರ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ಕೋಗಿಲೆಯ ಕೂಗು ಅದರ ಹುಟ್ಟಿನೊಡನೆ ಬಂದದ್ದು. ಅದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ ಹಾಡುಹಕ್ಕಿಗಳೆಂಬ ಗಣದಲ್ಲಿ ಮರಿ ಹಿರಿಯರ ಹಾಡನ್ನು ಕೇಳಿಯೇ ಕಲಿಯಬೇಕು. ಕೇಂಬ್ರಿಜಿನ ಥಾರ್ಪ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ಹಿರಿಯ ಹಕ್ಕಿಗಳ ಹಾಡು ಕಿವಿಗೆ ಬೀಳದಂತೆ ಸಾಕಿ ನೋಡಿದನು. ಅವು ಬೆಳೆದು ಹಾಡಿದುವು ನಿಜ. ಆದರೆ ಆ ಹಾಡು ಮುರುಕಲಾಗಿತ್ತು. ಮನುಷ್ಯನ ಭಾಷೆ ಈ ಎರಡನೆಯ ಬಗೆಗೆ ಸೇರಿದ್ದು. ಮನೆಯಲ್ಲಿ ಅಜ್ಜಿಯೋ ತಾಯಿಯೋ ಆಡದ ಕನ್ನಡ ಮಗುವಿನ ರಕ್ತದಲ್ಲಿ ಹರಿದುಬರುವುದಿಲ್ಲ. ಅಂದಹಾಗೆ, ಶಾಸ್ತ್ರಜ್ಞರ ವಿಂಗಡಣೆಯಲ್ಲಿ ಹಾಡುಹಕ್ಕಿಗಳ ಗಣಕ್ಕೆ ಸೇರಿದ್ದು ಕಾಗೆ. ಕೋಗಿಲೆ ಅದರ ಹೊರಗೆ. ಹೋಲಿಕೆ ಬೇಕೇಬೇಕೆಂದರೆ ನಾವು ಕಾಗೆಯನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಚಪ್ಪಾಳೆ ಬೀಳದಿದ್ದರೆ ಬೇಡ.

ವೇಷದ ವಿಷಯ ಇನ್ನೊಂದುಂಟು, ಅದು ನಮ್ಮ ಮನೆಯೊಳಗೇ ನಡೆಯುವಂತಹುದು. ಸಾರಿನ ಒಗ್ಗರಣೆಗೆಂದು ನಮ್ಮಲ್ಲಿ ಅನೇಕರು ಗ್ಯಾಲರಿಯ ಕುಂಡದಲ್ಲಿ ಕರಿಬೇವನ್ನು ಬೆಳೆಸಿದ್ದೇವೆ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಏನೋ ಅಂಟಿಕೊಂಡಿರುತ್ತದೆ. ಅದು ಚಿಟ್ಟೆಯ ಹುಳು. ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು? ಬೆಳೆದು ದೊಡ್ಡದಾದಾಗ ಆ ವೇಷ ಸಲ್ಲದು. ಅಷ್ಟು ದಪ್ಪ ಹಿಕ್ಕೆ ಇರುವುದಿಲ್ಲವಷ್ಟೆ. ಆಗ ಪೊರೆ ಕಳಚಿ ಎಲೆಯ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲನ್ನು ಚಾಚಿ ಕೆಟ್ಟ ವಾಸನೆ ಬಿಡುತ್ತದೆ.

ಆ ಹುಳು ಮಾರ್ಮನ್ ಎಂಬ ಜಾತಿಯದಾಗಿದ್ದರೆ ಮೋಸ ಇನ್ನೂ ಮುಂದುವರಿಯುತ್ತದೆ. ಗಂಡು ಚಿಟ್ಟೆ ಕಪ್ಪು; ರೆಕ್ಕೆಯಲ್ಲಿ ಬಿಳಿಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇವೆ. ಉಳಿದುವು ರೋಸ್ ಎಂಬ ಬೇರೆಯ ಚಿಟ್ಟೆಯ ಕೆಂಪು ಗುರುತುಗಳನ್ನು ಧರಿಸುತ್ತವೆ. ರೋಸ್ ಚಿಟ್ಟೆಯ ಹುಳು ಈಶ್ವರಿ ಬಳ್ಳಿಯನ್ನು ತಿಂದು ವಿಷ ಸಂಗ್ರಹಿಸಿರುತ್ತದೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ನಿರ್ವಿಷವಾದ ಮಾರ್ಮನ್ ಹೆಣ್ಣು ಆ ಹೆಸರಿನ ಲಾಭ ಪಡೆಯುತ್ತದೆ. ವೇಷಧಾರಿಗಳೇ ಹೆಚ್ಚಾದರೆ ಹಕ್ಕಿಗಳಿಗೆ ಗುಟ್ಟು ತಿಳಿದುಹೋಗುತ್ತದೆ; ಆದಕಾರಣ ಇದಕ್ಕೊಂದು ಮಿತಿಯುಂಟು. ಇಂತಹ ಅನುಕರಣೆಯನ್ನು ಹೆನ್ರಿ ಬೇಟ್ಸ್ ಎಂಬಾತ ಅಮೆಜಾನ್ ಕಾಡಿನ ಚಿಟ್ಟೆಗಳಿಂದ ತಿಳಿದು 1862ರಲ್ಲಿ ವಿವರಿಸಿದನು. ಕರಿಬೇವಿನ ಈ ಚಿಟ್ಟೆಯಲ್ಲಿ ವೇಷವನ್ನು ನಿಯಂತ್ರಿಸುವುದು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಎಂಬುದು 2014ರಲ್ಲಿ ಪ್ರಕಟವಾಯಿತು. ಆ ಸಂಶೋಧನೆಯ ಮುಂದಾಳು ಕೃಷ್ಣಮೇಘ ಕುಂಟೆಯವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ಎಂಬುದನ್ನು ಈ ದಿನ ಹೇಳಿಕೊಳ್ಳಲು ನಮಗೆ ಸಂತೋಷವಾಗುತ್ತದೆ. ಮಾತೆಯರಲ್ಲಿ ಒಂದು ವಿನಂತಿ: ಎರಡು ಎಲೆ ಹೋದರೂ ಹೋಗಲಿ, ಹುಳುವನ್ನು ಚಿವುಟಿ ಎಸೆಯದೆ ಮಕ್ಕಳಿಗೆ ತೋರಿಸಿರಿ.

ಕೋಗಿಲೆಯ ವಿಷಯದಲ್ಲಿ ಒಂದು ಮಾತು ಉಳಿಯಿತು. ಮೊಟ್ಟೆಯಿಟ್ಟ ಮೇಲೆ ಆ ತಾಯಿಗೆ ಮರಿಯ ಗೊಡವೆಯೇ ಇಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಗೂಡು ಬಿಟ್ಟ ಕೋಗಿಲೆಮರಿಗೆ ಹೆಣ್ಣು ಕೋಗಿಲೆ ತುತ್ತು ಕೊಡುವುದನ್ನು ಪಕ್ಷಿವೀಕ್ಷಕರು ಕಂಡು ದಾಖಲಿಸಿದ್ದಾರೆ. ಗಂಡು ಹಾಗೆ ಮಾಡಿದ್ದು ಕಂಡುಬಂದಿಲ್ಲ. ಬರುವ ಜೂನ್ ಜುಲೈ ತಿಂಗಳುಗಳಲ್ಲಿ ಕಾಗೆಯ ಗೂಡಿರುವ ಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲೋಣ. ಕಾಗೆಗಿಂತ ಸಣ್ಣದಾದ, ಬಾಲ ಉದ್ದವಾದ ಕಪ್ಪು ಮರಿಯೊಂದು ರೆಕ್ಕೆ ನಡುಗಿಸುತ್ತ ಬಾಯ್ದೆರೆದು ಕೂತಿದ್ದರೆ, ತುತ್ತು ತರುವ ಹಕ್ಕಿಯ ಕೊರಳು ಬೂದುಬಣ್ಣದ್ದೋ, ಅದರ ಮೈ ಬಿಳಿಚುಕ್ಕೆಗಳದ್ದೋ ಎಂಬುದನ್ನು ನೋಡಿಕೊಳ್ಳೋಣ.